ಛಾಯಾಚಿತ್ರದಲ್ಲಿ ಮೂರನೆಯ ಆಯಾಮ: ವೀಟ್‌ಸ್ಟನ್ನನಿಂದ ಸ್ಮಾರ್ಟ್‌ಫೋನಿನವರೆಗೆ

ಸಾಮಾನ್ಯವಾದ ಸ್ಮಾರ್ಟ್‌ಫೋನಿನಿಂದ ತೆಗೆದ ಒಂದೇ ಒಂದು ಛಾಯಾಚಿತ್ರವನ್ನು ಮೂರು ಆಯಾಮಗಳುಳ್ಳ ದೃಶ್ಯವನ್ನಾಗಿ ಮಾರ್ಪಡಿಸಿ ತೋರಿಸುವ ಸೌಕರ್ಯವು ಈಗ ಯಾರ ಕೈಗಾದರೂ ಎಟಕುವಂತಹುದಾಗಿದೆ. ಫೋನನ್ನು ತುಸು ಓರೆ ಮಾಡಿದರೆ ಮುಂದೆ ನಿಂತ ವ್ಯಕ್ತಿಯು ಹಿಂದಣ ಗೋಡೆಯಿಂದ ಬೇರ್ಪಟ್ಟು ಪಕ್ಕಕ್ಕೆ ಸರಿದಂತೆ ಕಾಣುತ್ತಾನೆ. ಕೊಂಬೆಯ ಮರೆಯಲ್ಲಿದ್ದ ಆಕಾಶವು ಇಣುಕಿ ನೋಡುತ್ತದೆ. ಹೊಸ ಚಿತ್ರಗಳಿಗೆ ಮಾತ್ರವಲ್ಲದೆ, ಅಜ್ಜ ಅಜ್ಜಿಯರ ಕಾಲದ ಮಾಸಿದ ಪಟಗಳಿಗೂ ಈ ಸಂಸ್ಕಾರವನ್ನು ಮಾಡಬಹುದು. ನೋಡಿ ಬೆರಗಾಗುವವರು ಬಹು ಮಂದಿ. ಆದರೆ ಚಪ್ಪಟೆಯಾದ ಚಿತ್ರದಲ್ಲಿ ಇಲ್ಲದ ಆಳವು ಎಲ್ಲಿಂದ ಬಂದಿತು, ಮತ್ತು ಹಾಗೆ ಬಂದ ಆಳವನ್ನು ಎಷ್ಟರ ಮಟ್ಟಿಗೆ ನಂಬಬೇಕು ಎಂದು ಕೇಳುವವರು ವಿರಳ. ಇತಿಹಾಸದ ವ್ಯಾಸಂಗದಲ್ಲಿ ಆಸಕ್ತರಾದವರಿಗೆ ಈ ಪ್ರಶ್ನೆಯು ಉದಾಸೀನ ಮಾಡತಕ್ಕುದಲ್ಲ. ಛಾಯಾಚಿತ್ರವು ನಮಗೆ ಅಲಂಕಾರವಲ್ಲ, ಆಧಾರ.

ಛಾಯಾಚಿತ್ರದಲ್ಲಿ ಆಳವನ್ನು ಕಾಣಲು ಎರಡು ದಾರಿಗಳಿವೆ. ಒಂದೇ ವಸ್ತುವನ್ನು ಎರಡು ಸ್ಥಾನಗಳಿಂದ ನೋಡಿ, ಎರಡು ನೋಟಗಳ ವ್ಯತ್ಯಾಸದಿಂದ ದೂರವನ್ನು ಅಳೆಯುವುದು ಒಂದು. ಒಂದೇ ಸ್ಥಾನದಿಂದ ನೋಡಿ, ಬೆಳಕು ನೆರಳು, ಗಾತ್ರ, ಮರೆ ಮುಂತಾದ ಸೂಚನೆಗಳಿಂದ ದೂರವನ್ನು ಊಹಿಸುವುದು ಇನ್ನೊಂದು. ಈ ಎರಡು ದಾರಿಗಳು ಮೊದಲು ಬೇರೆಯಾಗಿ, ಬಹುಕಾಲ ಬೇರೆಯಾಗಿಯೇ ನಡೆದು, ಕಡೆಗೆ ಸ್ಮಾರ್ಟ್‌ಫೋನಿನಲ್ಲಿ ವಿಚಿತ್ರವಾದ ರೀತಿಯಲ್ಲಿ ಕೂಡಿಕೊಂಡ ಕಥೆಯೇ ಪ್ರಕೃತ ಲೇಖನದ ವಿಷಯ.

ಎರಡು ಕಣ್ಣುಗಳಿಗೂ ಕಾಣುವ ದೃಶ್ಯ ಒಂದೇ ಅಲ್ಲವೆಂಬುದನ್ನು ಗ್ರೀಕ್ ವೈದ್ಯನಾದ ಗೇಲನ್ನನೇ ಬರೆದಿದ್ದಾನೆ. ಎಷ್ಟೇ ನಿಪುಣನಾದ ಚಿತ್ರಕಾರನ ಕೃತಿಯಾದರೂ, ಎರಡು ಕಣ್ಣಿನಿಂದ ಕಂಡ ವಸ್ತುವಿನ ಉಬ್ಬು ಅದರಲ್ಲಿ ಬರಲಾರದೆಂದು ಲಿಯೊನಾರ್ಡೊ ಡ ವಿಂಚಿಯು ಗಮನಿಸಿದ್ದನು. ಆದರೆ ಈ ವ್ಯತ್ಯಾಸವೇ ಆಳದ ಅನುಭವಕ್ಕೆ ಕಾರಣವೆಂದು ಪ್ರಯೋಗದಿಂದ ಸಿದ್ಧಪಡಿಸಿದವನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಪ್ರಾಧ್ಯಾಪಕ ಚಾರ್ಲ್ಸ್ ವೀಟ್‌ಸ್ಟನ್. ೧೮೩೮ರ ಜೂನ್ ತಿಂಗಳಲ್ಲಿ ಅವನು ರಾಯಲ್ ಸೊಸೈಟಿಯ ಮುಂದೆ ಒಂದು ಪ್ರಬಂಧವನ್ನು ಮಂಡಿಸಿದನು. ಅವನ ಉಪಕರಣವು ಬಹು ಸರಳವಾದುದು. ಎರಡು ಕನ್ನಡಿಗಳನ್ನು ಲಂಬಕೋನದಲ್ಲಿ ಸೇರಿಸಿ, ಎಡಗಡೆಗೊಂದು ಬಲಗಡೆಗೊಂದು ರೇಖಾಚಿತ್ರವನ್ನಿಟ್ಟನು. ಒಂದು ಚಿತ್ರವು ಎಡಗಣ್ಣಿಗೆ ವಸ್ತುವು ಕಾಣುವಂತೆ, ಮತ್ತೊಂದು ಬಲಗಣ್ಣಿಗೆ ಕಾಣುವಂತೆ ಬರೆದುದು. ಕನ್ನಡಿಗಳ ಸಂಧಿಗೆ ಮುಖವೊಡ್ಡಿ ನೋಡಿದಾಗ ಎರಡು ಚಪ್ಪಟೆ ಗೆರೆಚಿತ್ರಗಳು ಒಂದಾಗಿ, ಘನವಾದ ಆಕೃತಿಯು ಗಾಳಿಯಲ್ಲಿ ನಿಂತಂತೆ ತೋರಿತು. ಇದಕ್ಕೆ ಅವನು ಸ್ಟೀರಿಯೋಸ್ಕೋಪ್ ಎಂದು ಹೆಸರಿಟ್ಟನು.

ಈ ಪ್ರಬಂಧದಲ್ಲಿನ ಒಂದು ಅಂಶವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ವೀಟ್‌ಸ್ಟನ್ನನು ತನ್ನ ಚಿತ್ರಗಳಲ್ಲಿ ಬರಿಯ ಹೊರಗೆರೆಗಳನ್ನೇ ಬಳಸಿದನು. ಛಾಯೆಯನ್ನಾಗಲಿ ವರ್ಣವನ್ನಾಗಲಿ ಬುದ್ಧಿಪೂರ್ವಕವಾಗಿ ದೂರವಿಟ್ಟನು. ಅವುಗಳನ್ನು ಸೇರಿಸಿದ್ದರೆ, ಆಳವು ತೋರಿದುದು ಛಾಯೆಯ ದೆಸೆಯಿಂದಲೇ ಹೊರತು ಎರಡು ಕಣ್ಣುಗಳ ದೆಸೆಯಿಂದಲ್ಲವೆಂದು ಯಾರಾದರೂ ವಾದಿಸಬಹುದಾಗಿದ್ದಿತು. ಇದು ಒಳ್ಳೆಯ ಪ್ರಯೋಗಶೀಲನ ಲಕ್ಷಣ. ಒಂದು ಕಣ್ಣಿಗೆ ದೊರೆಯುವ ಸೂಚನೆಗಳನ್ನೆಲ್ಲ ಸಾಕ್ಷಿಕಟ್ಟೆಯಿಂದ ಕೆಳಗಿಳಿಸಿ, ಎರಡು ಕಣ್ಣುಗಳ ಸಾಕ್ಷ್ಯವೊಂದನ್ನೇ ಅವನು ಪರೀಕ್ಷಿಸಿದನು. ಒಂದು ನೂರ ಇಪ್ಪತ್ತು ವರ್ಷಗಳಾದ ಮೇಲೆ, ೧೯೬೦ರ ಸುಮಾರಿಗೆ, ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬೇಲಾ ಯೂಲೆಷ್ ಎಂಬ ವಿಜ್ಞಾನಿಯು ಹೊರಗೆರೆಗಳನ್ನೂ ತೆಗೆದುಹಾಕಿ, ಅಡ್ಡಾದಿಡ್ಡಿ ಚುಕ್ಕೆಗಳ ಎರಡು ಹಾಳೆಗಳಿಂದಲೇ ಆಳವನ್ನು ತೋರಿಸಿ ಈ ಸಿದ್ಧಾಂತಕ್ಕೆ ಮುದ್ರೆಯೊತ್ತಿದನು. ವೀಟ್‌ಸ್ಟನ್ನನು ಹೊರಗೆ ಕಳುಹಿಸಿದ ಆ ಛಾಯೆ, ಗಾತ್ರ, ಮರೆಗಳೇ ಇಂದಿನ ಫೋನಿಗೆ ಬಂಡವಾಳವಾದುವೆಂಬುದನ್ನು ಮುಂದೆ ನೋಡೋಣ.

ಡಾಗೆರ್‌ನ ಛಾಯಾಚಿತ್ರ ವಿಧಾನವು ಪ್ರಕಟವಾದುದು ೧೮೩೯ರಲ್ಲಿ. ಎಂದರೆ ಘನಚಿತ್ರದ ತತ್ತ್ವವು ಛಾಯಾಚಿತ್ರಕ್ಕಿಂತ ಒಂದು ವರ್ಷ ಹಿರಿಯದು. ಎರಡೂ ಬೇಗನೆ ಕೂಡಿಕೊಂಡುವು. ಕೈಯಿಂದ ಎರಡು ನೋಟಗಳನ್ನು ಕರಾರುವಾಕ್ಕಾಗಿ ಬರೆಯುವುದು ಕಷ್ಟ, ಕ್ಯಾಮರಾಕ್ಕೆ ಅದು ಸುಲಭ. ಸ್ಕಾಟ್ಲೆಂಡಿನ ಡೇವಿಡ್ ಬ್ರೂಸ್ಟರನು ೧೮೪೯ರಲ್ಲಿ ಕನ್ನಡಿಗಳ ಬದಲಿಗೆ ಮಸೂರಗಳನ್ನು ಹಾಕಿ, ಕೈಯಲ್ಲಿ ಹಿಡಿಯಬಹುದಾದ ಪೆಟ್ಟಿಗೆಯೊಂದನ್ನು ರಚಿಸಿದನು. ಪ್ಯಾರಿಸ್ಸಿನ ದ್ಯುಬೋಸ್ಕ್ ಅದನ್ನು ಅಂದವಾಗಿ ತಯಾರಿಸಿದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ವಿಕ್ಟೋರಿಯಾ ರಾಣಿಯು ಅದನ್ನು ಮೆಚ್ಚಿದ ಮೇಲೆ ಸಂತೆಯಲ್ಲಿ ಅದಕ್ಕೆ ಬೇಡಿಕೆ ಹುಟ್ಟಿದುದು ಸಹಜವೇ. ಈ ನಡುವೆ ವೀಟ್‌ಸ್ಟನ್ನನಿಗೂ ಬ್ರೂಸ್ಟರನಿಗೂ, ಇದನ್ನು ಮೊದಲು ಕಂಡವರು ಯಾರೆಂಬ ವಿಚಾರದಲ್ಲಿ ಪತ್ರಿಕೆಯ ಮೂಲಕ ಬಿರುಸಾದ ಜಗಳವಾಯಿತು. ಕವಿಕಾಲನಿರ್ಣಯಗಳ ವಾದವಿವಾದಗಳನ್ನು ಕಂಡಿರುವ ನಮಗೆ ಇದು ಹೊಸದಲ್ಲ.

ಅಮೆರಿಕದ ವೈದ್ಯನೂ ಲೇಖಕನೂ ಆದ ಆಲಿವರ್ ವೆಂಡೆಲ್ ಹೋಮ್ಸ್ ೧೮೫೯ರಲ್ಲಿ ಈ ಉಪಕರಣವನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ೧೮೬೧ರಲ್ಲಿ ಹಿಡಿಯೂ ಮುಖಗವುಸೂ ಉಳ್ಳ ಅಗ್ಗದ ನೋಟಕವೊಂದನ್ನು ರಚಿಸಿ, ಅದಕ್ಕೆ ಹಕ್ಕುಪತ್ರವನ್ನು ಪಡೆಯದೆ ಲೋಕಕ್ಕೆ ಬಿಟ್ಟುಕೊಟ್ಟನು. ವಸ್ತುವಿನಿಂದ ರೂಪವು ಬೇರೆಯಾಗಿ, ಇನ್ನು ಮುಂದೆ ರೂಪಗಳದ್ದೇ ಭಂಡಾರಗಳು ಕಟ್ಟಲ್ಪಡುವುವೆಂದು ಅವನು ಊಹಿಸಿದ್ದನು. ಆ ಊಹೆಯು ಅತಿಶಯೋಕ್ತಿಯಂತೆ ಅಂದು ತೋರಿರಬಹುದು, ಇಂದು ತೋರುವುದಿಲ್ಲ. ಮುಂದೆ ಅಮೆರಿಕದ ಅಂಡರ್‌ವುಡ್ ಸಂಸ್ಥೆಯು ಲೋಕದ ದೇಶದೇಶಗಳ ಜೋಡಿಚಿತ್ರಗಳನ್ನು ಕಟ್ಟುಕಟ್ಟಾಗಿ ಮಾರಿತು. ಭಾರತದ ಕಟ್ಟಿಗೆ ಜೇಮ್ಸ್ ರಿಕಾಲ್ಟನ್ ಎಂಬವನು ಬರೆದ ವಿವರಣಗ್ರಂಥವು ೧೯೦೭ರಲ್ಲಿ ಹೊರಬಂದಿತು. ೧೯೩೯ರಲ್ಲಿ ಬಂದ ವ್ಯೂ-ಮಾಸ್ಟರು ಈ ವಂಶದ ಕೊನೆಯ ಕುಡಿಗಳಲ್ಲೊಂದು. ಏಳು ದೃಶ್ಯಗಳ ಆ ತಟ್ಟೆಯಲ್ಲಿ ಹದಿನಾಲ್ಕು ಚಿತ್ರಗಳಿದ್ದುದು ಏಕೆಂದು ಬಾಲ್ಯದಲ್ಲಿ ನಮ್ಮಲ್ಲಿ ಎಷ್ಟು ಮಂದಿ ಯೋಚಿಸಿದ್ದೆವು?

ಕನ್ನಡ ನಾಡಿಗೂ ಈ ಇತಿಹಾಸಕ್ಕೂ ಒಂದು ಸಂಬಂಧವುಂಟು. ಮದರಾಸು ಸೈನ್ಯದ ಅಧಿಕಾರಿಯಾದ ಲಿನೇಯಸ್ ಟ್ರೈಪ್ ೧೮೫೪ರ ಡಿಸೆಂಬರಿನಲ್ಲಿ ಹಳೇಬೀಡು, ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಅವು ೧೮೫೫ರ ಮದರಾಸು ಪ್ರದರ್ಶನದಲ್ಲಿ ಕೀರ್ತಿಯನ್ನು ಗಳಿಸಿದುವು. ಅನಂತರ ಅವನು ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ನೇಮಕಗೊಂಡು, ತಂಜಾವೂರು, ತಿರುಚಿನಾಪಳ್ಳಿ, ಮಧುರೆಗಳಲ್ಲಿ ದೊಡ್ಡ ಚಿತ್ರಗಳ ಜೊತೆಗೆ ಜೋಡಿಚಿತ್ರಗಳನ್ನೂ ತೆಗೆದನು. ಈ ಜೋಡಿಚಿತ್ರಗಳ ಸಂಪುಟಗಳು ೧೮೫೮ರಲ್ಲಿ ಪ್ರಕಟವಾದುವು. ಬಳಪದ ಕಲ್ಲಿನಲ್ಲಿ ಆಳವಾಗಿ ಕೊರೆದ ಹೊಯ್ಸಳ ಶಿಲ್ಪದಷ್ಟು ಘನಚಿತ್ರಕ್ಕೆ ಯೋಗ್ಯವಾದ ವಸ್ತು ಬೇರೊಂದಿಲ್ಲವೆಂದು ನನಗೆ ತೋರುತ್ತದೆ. ಟ್ರೈಪನು ಹಳೇಬೀಡಿಗೆ ನಾಲ್ಕು ವರ್ಷ ತಡವಾಗಿ ಹೋಗಿದ್ದರೆ ನಮ್ಮ ಪಾಲಿಗೆ ಏನು ದೊರೆಯುತ್ತಿದ್ದಿತೋ!

ಎರಡು ನೋಟಗಳಿಂದ ಆಳವು ಹೇಗೆ ಅಳತೆಗೆ ಬರುತ್ತದೆಂಬುದನ್ನು ಸ್ಥೂಲವಾಗಿ ಹೇಳಬೇಕು. ನಮ್ಮ ಎರಡು ಕಣ್ಣುಗಳ ಅಂತರವು ಸುಮಾರು ಆರೂವರೆ ಸೆಂಟಿಮೀಟರು. ಈ ಅಂತರದಿಂದಾಗಿ ಹತ್ತಿರದ ವಸ್ತುವು ಎರಡು ಚಿತ್ರಗಳಲ್ಲಿ ಹೆಚ್ಚು ಪಲ್ಲಟಗೊಂಡೂ ದೂರದ ವಸ್ತುವು ಕಡಿಮೆ ಪಲ್ಲಟಗೊಂಡೂ ಬೀಳುತ್ತದೆ. ದೂರವು ಇಮ್ಮಡಿಯಾದರೆ ಪಲ್ಲಟವು ಅರ್ಧವಾಗುತ್ತದೆ. ಆದುದರಿಂದ ಪಲ್ಲಟವನ್ನು ಅಳೆದರೆ ದೂರವು ತಿಳಿಯುತ್ತದೆ; ಇದು ಭೂಮಾಪಕನ ತ್ರಿಕೋನಮಿತಿಯೇ ಹೊರತು ಬೇರೆಯಲ್ಲ. ಆದರೆ ದೂರವು ಇಮ್ಮಡಿಯಾದಾಗ ಅಳತೆಯ ದೋಷವು ನಾಲ್ಮಡಿಯಾಗುತ್ತದೆ. ದೂರದ ಗುಡ್ಡವನ್ನು ಅಳೆಯಬೇಕಾದರೆ ಎರಡು ಕಣ್ಣುಗಳನ್ನು ಬಹಳ ದೂರ ದೂರ ಇಡಬೇಕು. ಎರಡು ಮಹಾಯುದ್ಧಗಳಲ್ಲಿ ವಿಮಾನದಿಂದ ತೆಗೆದ ಜೋಡಿಚಿತ್ರಗಳಿಗೆ ಪ್ರಾಶಸ್ತ್ಯ ಬಂದುದು ಈ ಕಾರಣದಿಂದಲೇ. ೨೦೦೫ರ ಮೇ ೫ರಂದು ಶ್ರೀಹರಿಕೋಟದಿಂದ ಮೇಲೇರಿದ ಕಾರ್ಟೋಸ್ಯಾಟ್-೧ ಉಪಗ್ರಹದಲ್ಲಿ ಎರಡು ಕ್ಯಾಮರಾಗಳಿದ್ದುವು. ಒಂದು ೨೬ ಅಂಶ ಮುಂದಕ್ಕೂ ಇನ್ನೊಂದು ೫ ಅಂಶ ಹಿಂದಕ್ಕೂ ವಾಲಿದ್ದುವು. ಉಪಗ್ರಹವು ಸಾಗುತ್ತಿರುವಂತೆ ಒಂದೇ ನೆಲವನ್ನು ಎರಡು ಕೋನಗಳಿಂದ ಅವು ಕಂಡುವು. ಆ ಜೋಡಿಗಳಿಂದ ನಮ್ಮ ದೇಶದ ಉಬ್ಬುತಗ್ಗುಗಳ ನಕ್ಷೆ ಸಿದ್ಧವಾಯಿತು. ವೀಟ್‌ಸ್ಟನ್ನನ ಕನ್ನಡಿಗಳಿಗೂ ಈ ಉಪಗ್ರಹಕ್ಕೂ ತತ್ತ್ವದಲ್ಲಿ ಭೇದವಿಲ್ಲ.

ಇನ್ನು ಒಂದು ಕಣ್ಣಿನ ದಾರಿ. ಒಂದು ಕಣ್ಣನ್ನು ಮುಚ್ಚಿಕೊಂಡರೆ ಲೋಕವು ಚಪ್ಪಟೆಯಾಗಿಬಿಡುವುದಿಲ್ಲ. ದೂರದ ಮನುಷ್ಯ ಚಿಕ್ಕವನಾಗಿ ಕಾಣುತ್ತಾನೆ, ಮುಂದಿನ ಮರ ಹಿಂದಿನ ಮನೆಯನ್ನು ಮರೆಮಾಡುತ್ತದೆ, ರೈಲುಕಂಬಿಗಳು ದಿಗಂತದಲ್ಲಿ ಕೂಡುತ್ತವೆ, ದೂರದ ಬೆಟ್ಟ ಮಂಜು ಕವಿದು ನೀಲಿಯಾಗುತ್ತದೆ. ಚಿತ್ರಕಾರರು ಶತಮಾನಗಳಿಂದ ಬಳಸಿಕೊಂಡು ಬಂದಿರುವ ಈ ಸೂಚನೆಗಳು ಬೆಲೆಯುಳ್ಳವೇ. ಆದರೆ ಅವು ನಿಶ್ಚಿತವಲ್ಲ. ದಸರೆಯ ಬೊಂಬೆಯ ಹಂತಗಳ ಮೇಲಿಟ್ಟ ಪುಟ್ಟ ಅರಮನೆಯನ್ನು ಹತ್ತಿರದಿಂದಲೂ ಮೈಸೂರಿನ ನಿಜವಾದ ಅರಮನೆಯನ್ನು ದೂರದಿಂದಲೂ ತೆಗೆದ ಚಿತ್ರಗಳು ಅಳತೆಯಲ್ಲಿ ಒಂದೇ ಆಗಿರಬಹುದು. ಯಾವುದು ಯಾವುದೆಂದು ಹೇಳುವುದು ಚಿತ್ರವಲ್ಲ, ನೋಡುವವನ ಪೂರ್ವಾನುಭವ.

ಇದಕ್ಕೆ ನಮ್ಮ ಶಾಸನಶಾಸ್ತ್ರದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಕಲ್ಲಿನಲ್ಲಿ ಕೊರೆದ ಅಕ್ಷರಗಳ ಛಾಯಾಚಿತ್ರವನ್ನು ತಲೆಕೆಳಗು ಮಾಡಿ ನೋಡಿದರೆ, ತಗ್ಗಿನ ಅಕ್ಷರಗಳು ಉಬ್ಬಿ ಬಂದಂತೆ ತೋರುತ್ತವೆ. ಬೆಳಕು ಮೇಲಿನಿಂದ ಬೀಳುತ್ತದೆಂದು ನಮ್ಮ ದೃಷ್ಟಿಯು ಎಣಿಸಿಕೊಂಡಿರುತ್ತದೆ. ಕೆಳಗಿನಿಂದ ಬೆಳಕು ಬಿದ್ದ ಚಿತ್ರದಲ್ಲಿ ತಗ್ಗು ಉಬ್ಬಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಬ್ರೂಸ್ಟರನು ಸ್ಟೀರಿಯೋಸ್ಕೋಪಿಗೂ ಮೊದಲೇ, ೧೮೩೨ರ ತನ್ನ ಗ್ರಂಥದಲ್ಲಿ, ಮುದ್ರೆಯ ಉಂಗುರಗಳ ವಿಷಯದಲ್ಲಿ ಇದೇ ಭ್ರಮೆಯನ್ನು ವಿವರಿಸಿದ್ದಾನೆ. ಛಾಯೆಯೊಂದನ್ನೇ ನಂಬಿದರೆ ನಿಮ್ನವೂ ಉನ್ನತವೂ ಅದಲುಬದಲಾಗಬಹುದೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಕಿಲ್ಲ.

ಈ ಅನಿಶ್ಚಿತವಾದ ದಾರಿಯಲ್ಲಿ ಯಂತ್ರವನ್ನು ನಡೆಸಲು ಮೊದಲು ಪ್ರಯತ್ನಿಸಿದವರು ಅಮೆರಿಕದ ಎಂ.ಐ.ಟಿ. ಸಂಸ್ಥೆಯವರು. ಅಲ್ಲಿ ಲಾರೆನ್ಸ್ ರಾಬರ್ಟ್ಸ್ ೧೯೬೩ರ ತನ್ನ ಪ್ರಬಂಧದಲ್ಲಿ, ಮರದ ತುಂಡುಗಳಂತಹ ಸರಳ ಘನಾಕೃತಿಗಳ ಒಂದೇ ಛಾಯಾಚಿತ್ರದಿಂದ ಅವುಗಳ ಮೂರು ಆಯಾಮದ ರೂಪವನ್ನು ಕಂಪ್ಯೂಟರು ಕಂಡುಹಿಡಿಯುವಂತೆ ಮಾಡಿದನು. ೧೯೭೦ರಲ್ಲಿ ಬರ್ಥೋಲ್ಡ್ ಹಾರ್ನ್ ಎಂಬ ವಿದ್ವಾಂಸರು ಛಾಯೆಯಿಂದ ಆಕಾರವನ್ನು ಗಣಿಸುವ ಗಣಿತವನ್ನು ರಚಿಸಿದರು. ಇವೆಲ್ಲ ಪ್ರಯೋಗಶಾಲೆಯ ಹದವಾದ ಬೆಳಕಿನಲ್ಲಿ ನಡೆಯುತ್ತಿದ್ದುವೇ ಹೊರತು ಬೀದಿಯ ಬಿಸಿಲಿನಲ್ಲಿ ನಿಲ್ಲುವಂತಿರಲಿಲ್ಲ. ೧೯೯೭ರಲ್ಲಿ ಜಪಾನಿನ ಮೂವರು ಸಂಶೋಧಕರು ಒಂದು ಚಿತ್ರದ ಒಳಗೆ ಹೊಕ್ಕು ನಡೆದಾಡಿದಂತೆ ತೋರಿಸುವ ವಿಧಾನವನ್ನು ಪ್ರಕಟಿಸಿದರು. ಆದರೆ ಅದರಲ್ಲಿ ನೆಲ ಯಾವುದು, ಗೋಡೆ ಯಾವುದು ಎಂಬುದನ್ನು ಮನುಷ್ಯನೇ ಗುರುತುಹಾಕಿ ಕೊಡಬೇಕಾಗಿದ್ದಿತು.

ತಿರುವು ಬಂದುದು ೨೦೦೫ರಲ್ಲಿ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಡೆರೆಕ್ ಹೋಯೆಮ್ ಮತ್ತು ಅವರ ಸಹೋದ್ಯೋಗಿಗಳು ಯಂತ್ರಕ್ಕೆ ಬಹಳಷ್ಟು ಚಿತ್ರಗಳನ್ನು ತೋರಿಸಿ, ನೆಲ, ಆಕಾಶ, ನೆಟ್ಟಗೆ ನಿಂತ ವಸ್ತು ಎಂಬ ಮೂರು ಜಾತಿಗಳನ್ನು ಗುರುತಿಸುವುದನ್ನು ಕಲಿಸಿದರು. ಅದಾದ ಮೇಲೆ, ಮಕ್ಕಳ ಪುಸ್ತಕದಲ್ಲಿ ಹಾಳೆ ತೆರೆದರೆ ಚಿತ್ರವು ಎದ್ದು ನಿಲ್ಲುವಂತೆ, ಯಂತ್ರವು ತಾನೇ ಚಿತ್ರವನ್ನು ಕತ್ತರಿಸಿ ಮಡಿಸಿ ನಿಲ್ಲಿಸುತ್ತಿದ್ದಿತು. ಅದೇ ವರ್ಷ ಸ್ಟ್ಯಾನ್‌ಫರ್ಡಿನಲ್ಲಿ ಅಶುತೋಷ್ ಸಕ್ಸೇನಾ, ಆಂಡ್ರೂ ಇಂಗ್ ಮೊದಲಾದವರು ಇನ್ನೊಂದು ಉಪಾಯವನ್ನು ಹೂಡಿದರು. ಲೇಸರ್ ಉಪಕರಣದಿಂದ ದೃಶ್ಯದ ನಿಜವಾದ ದೂರಗಳನ್ನು ಅಳೆದು, ಅದೇ ದೃಶ್ಯದ ಛಾಯಾಚಿತ್ರದೊಡನೆ ಜೋಡಿಸಿ, ಇಂತಹ ಚಿತ್ರಕ್ಕೆ ಇಂತಹ ದೂರ ಎಂದು ಯಂತ್ರಕ್ಕೆ ಪಾಠ ಹೇಳಿದರು. ೨೦೧೪ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಡೇವಿಡ್ ಐಗೆನ್ ಮತ್ತು ಸಂಗಡಿಗರು ಬಹುಪದರಗಳ ನರಜಾಲವನ್ನು ಈ ಕಾರ್ಯಕ್ಕೆ ಬಳಸಿದರು. ಅಲ್ಲಿಂದ ಮುಂದಿನ ಪ್ರಗತಿಯು ಶೀಘ್ರವಾದುದು.

ಇದೇ ವೇಳೆಗೆ ಫೋನುಗಳು ಮೊದಲನೆಯ ದಾರಿಯನ್ನೂ ಹಿಡಿದಿದ್ದುವು. ೨೦೧೪ರಲ್ಲಿ ಎಚ್.ಟಿ.ಸಿ. ಸಂಸ್ಥೆಯ ಒಂದು ಫೋನು, ೨೦೧೬ರಲ್ಲಿ ಐಫೋನ್ ೭ ಪ್ಲಸ್, ಬೆನ್ನಿನಲ್ಲಿ ಎರಡು ಕಣ್ಣುಗಳನ್ನು ಪಡೆದು, ಅವುಗಳ ನೋಟಗಳ ಪಲ್ಲಟದಿಂದ ದೂರವನ್ನು ಎಣಿಸಿ, ವ್ಯಕ್ತಿಯ ಹಿನ್ನೆಲೆಯನ್ನು ಮಸುಕು ಮಾಡತೊಡಗಿದುವು. ೨೦೧೭ರ ಗೂಗಲ್ ಪಿಕ್ಸೆಲ್ ೨ ಇನ್ನೂ ಚಮತ್ಕಾರದ್ದು. ಅದರ ಬೆನ್ನಿನಲ್ಲಿದ್ದುದು ಒಂದೇ ಕ್ಯಾಮರಾ. ಆದರೆ ಅದರ ಪ್ರತಿಯೊಂದು ಬಿಂದುವನ್ನೂ ಎರಡಾಗಿ ಸೀಳಿದ್ದುದರಿಂದ ಮಸೂರದ ಎಡಭಾಗದ ನೋಟವೊಂದು, ಬಲಭಾಗದ ನೋಟವೊಂದು ದೊರೆಯುತ್ತಿದ್ದಿತು. ಈ ಎರಡು ಕಣ್ಣುಗಳ ಅಂತರ ಒಂದು ಮಿಲಿಮೀಟರಿಗೂ ಕಡಿಮೆ. ಅಷ್ಟು ಕಿರಿದಾದ ಅಂತರದಿಂದ ಹತ್ತಿರದ ಮುಖವನ್ನು ಅಳೆಯಬಹುದು, ಬೀದಿಯ ತುದಿಯ ಗೋಪುರವನ್ನಲ್ಲ. ಉಳಿದುದನ್ನು ಕಲಿತ ಯಂತ್ರವು ಊಹಿಸಿ ತುಂಬಬೇಕಾಯಿತು.

೨೦೧೮ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಸಂಸ್ಥೆಯು ಎರಡು ಕ್ಯಾಮರಾಗಳ ಫೋನಿನ ಚಿತ್ರಗಳನ್ನು ಮೂರು ಆಯಾಮದಲ್ಲಿ ತೋರಿಸಲಾರಂಭಿಸಿತು. ೨೦೨೦ರಲ್ಲಿ ಈ ಸೌಕರ್ಯವನ್ನು ಒಂದೇ ಕ್ಯಾಮರಾದ ಫೋನುಗಳಿಗೂ ಹಳೆಯ ಚಿತ್ರಗಳಿಗೂ ವಿಸ್ತರಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಗೂಗಲ್ ಫೋಟೋಸ್ ಹಳೆಯ ಚಿತ್ರಗಳಿಗೆ ಚಲನೆ ಕೊಡತೊಡಗಿತು. ಚಪ್ಪಟೆ ಚಿತ್ರಗಳನ್ನು ಎರಡು ಕಣ್ಣಿನ ಚಿತ್ರಗಳಾಗಿಸುವ ವಿಧಾನವು ಆಪಲ್ ಸಂಸ್ಥೆಯ ತಲೆಗೆ ತೊಡುವ ಉಪಕರಣಕ್ಕೆ ೨೦೨೪ರಲ್ಲಿ ಬಂದಿತು.

ಇಲ್ಲಿ ನಡೆಯುವ ಕ್ರಿಯೆಯಲ್ಲಿ ಮೂರು ಹಂತಗಳಿವೆ. ಮೊದಲು ಯಂತ್ರವು ಚಿತ್ರದ ಪ್ರತಿ ಬಿಂದುವಿಗೂ ಒಂದು ದೂರವನ್ನು ಊಹಿಸಿ, ಹತ್ತಿರದ್ದು ಬಿಳುಪಾಗಿಯೂ ದೂರದ್ದು ಕಪ್ಪಾಗಿಯೂ ಇರುವ ಬೂದುಬಣ್ಣದ ನಕ್ಷೆಯೊಂದನ್ನು ಬರೆಯುತ್ತದೆ. ಆಮೇಲೆ ಮೂಲಚಿತ್ರವನ್ನು ಆ ಉಬ್ಬುತಗ್ಗಿನ ಮೇಲೆ ಬಟ್ಟೆಯಂತೆ ಹೊದಿಸಿ, ಕಣ್ಣು ತುಸು ಪಕ್ಕಕ್ಕೆ ಸರಿದರೆ ಹೇಗೆ ಕಾಣಬೇಕೆಂದು ಲೆಕ್ಕ ಹಾಕುತ್ತದೆ. ಆಗ ಮುಂದಿನ ವಸ್ತುವು ಸರಿದ ಜಾಗದಲ್ಲಿ ರಂಧ್ರವೊಂದು ಉಳಿಯುತ್ತದೆ. ಏಕೆಂದರೆ ಆ ವಸ್ತುವಿನ ಹಿಂದೆ ಏನಿದ್ದಿತೆಂಬುದನ್ನು ಕ್ಯಾಮರಾ ಎಂದೂ ಕಂಡಿರಲಿಲ್ಲ. ಮೂರನೆಯದಾಗಿ ಯಂತ್ರವು ಸುತ್ತಮುತ್ತಣ ಬಣ್ಣ ಗೆರೆಗಳನ್ನು ನೋಡಿ, ಅಲ್ಲಿ ಇದ್ದಿರಬಹುದಾದುದನ್ನು ತಾನೇ ಚಿತ್ರಿಸಿ ಆ ರಂಧ್ರವನ್ನು ಮುಚ್ಚುತ್ತದೆ. ಹರಿದ ಸೀರೆಗೆ ಅದೇ ಬಣ್ಣದ ದಾರದಿಂದ ರಫು ಮಾಡಿದಂತೆ ಇದು. ನಿಪುಣನ ಕೈಯಾದರೆ ಹರಕು ಎಲ್ಲಿದ್ದಿತೆಂದು ಗೊತ್ತೇ ಆಗದು.

ಸ್ವಾರಸ್ಯವಿರುವುದು ಯಂತ್ರವು ಊಹೆಯನ್ನು ಎಲ್ಲಿ ಕಲಿತಿತೆಂಬುದರಲ್ಲಿ. ಇಂಟೆಲ್ ಪ್ರಯೋಗಶಾಲೆಯ ಸಂಶೋಧಕರು ಮುಂದಾಗಿ ನಿಂತು ೨೦೧೯ರಲ್ಲಿ ಪ್ರಕಟಿಸಿದ ಮೈಡಾಸ್ ಎಂಬ ಪ್ರಸಿದ್ಧ ವಿಧಾನಕ್ಕೆ ಪಾಠವಾಗಿ ಇತರ ಸಂಗ್ರಹಗಳ ಜೊತೆಗೆ ಕೊಡಲಾದುದು ಎರಡು ಕಣ್ಣಿನ ಕ್ಯಾಮರಾಗಳಿಂದ ತೆಗೆದ ಮೂರು ಆಯಾಮದ ಚಲನಚಿತ್ರಗಳು. ಫೇಸ್‌ಬುಕ್ಕಿನ ಯಂತ್ರವು ಕಲಿತುದು ಎರಡು ಕ್ಯಾಮರಾದ ಫೋನುಗಳು ತೆಗೆದ ಲಕ್ಷಾಂತರ ಚಿತ್ರಗಳಿಂದ. ಎರಡು ಕಣ್ಣಿನವನು ಅಳೆದು ಬರೆದಿಟ್ಟ ಲೆಕ್ಕವನ್ನು ಒಂದು ಕಣ್ಣಿನವನು ಕಂಠಪಾಠ ಮಾಡಿಕೊಂಡು, ಹೊಸ ದೃಶ್ಯ ಬಂದಾಗ ಹಳೆಯದರ ನೆನಪಿನಿಂದ ಉತ್ತರ ಹೇಳುತ್ತಾನೆ. ವೀಟ್‌ಸ್ಟನ್ನನು ಮುಂಬಾಗಿಲಿನಿಂದ ಹೊರಗೆ ಕಳುಹಿಸಿದ ಛಾಯೆಯೂ ಮರೆಯೂ ಹಿತ್ತಿಲಿನಿಂದ ಒಳಗೆ ಬಂದುವು. ಬರುವಾಗ ವೀಟ್‌ಸ್ಟನ್ನನನ್ನೇ ಗುರುವಾಗಿ ಕರೆದುಕೊಂಡು ಬಂದುವು.

ಆದುದರಿಂದ ಯಂತ್ರದ ಊಹೆಯನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದು ಅನುಭವಸಿದ್ಧವಾದ ಅಂದಾಜು. ಆದರೆ ಅಂದಾಜು ಅಂದಾಜೇ. ಬ್ಯಾಂಕಿನ ಕೆಲಸದಲ್ಲಿ ಇಪ್ಪತ್ತು ವರ್ಷ ಕಳೆದ ನನ್ನಂಥವನಿಗೆ ಅಂದಾಜು ಪಟ್ಟಿಗೂ ಪಾವತಿಯ ರಸೀದಿಗೂ ಇರುವ ಭೇದವು ರಕ್ತಗತವಾಗಿದೆ. ಮನೆ ಕಟ್ಟುವವನು ಕಂತ್ರಾಟುದಾರನಿಂದ ತಂದುಕೊಡುವ ಅಂದಾಜು ಪಟ್ಟಿಯು ಎಷ್ಟೇ ಪ್ರಾಮಾಣಿಕವಾಗಿರಲಿ, ಅದನ್ನು ರಸೀದಿಗಳ ಕಡತದಲ್ಲಿ ಸೇರಿಸಿದರೆ ಲೆಕ್ಕ ತನಿಖೆಯವರು ಸುಮ್ಮನಿರುವುದಿಲ್ಲ. ಎರಡು ನೋಟಗಳಿಂದ ಬಂದ ಆಳಕ್ಕೆ ತಾಳೆ ನೋಡಲು ಎರಡನೆಯ ಚೀಟಿಯುಂಟು. ಒಂದೇ ನೋಟದಿಂದ ಬಂದ ಆಳಕ್ಕೆ ಅದು ಇಲ್ಲ. ಮೈಡಾಸ್‌ನಂತಹ ವಿಧಾನಗಳು ಹೇಳುವುದು ಯಾವುದು ಮುಂದೆ, ಯಾವುದು ಹಿಂದೆ ಎಂಬ ತಾರತಮ್ಯವನ್ನೇ ಹೊರತು ಇಷ್ಟು ಗಜ, ಇಷ್ಟು ಅಡಿ ಎಂಬುದನ್ನಲ್ಲ. ಮೀಟರಿನ ಲೆಕ್ಕದಲ್ಲಿಯೇ ದೂರವನ್ನು ಹೇಳುವ ವಿಧಾನಗಳು ಈಚೆಗೆ ಬಂದಿರುವುದು ನಿಜ. ಅವೂ ಕಲಿತುದರ ಬಲದಿಂದ ಹೇಳುವ ಊಹೆಗಳೇ. ಗೋಡೆಗೆ ಅಂಟಿಸಿದ ಸಿನಿಮಾ ಭಿತ್ತಿಪತ್ರದ ನಾಯಕನಿಗೂ ಕನ್ನಡಿಯೊಳಗಣ ಬಿಂಬಕ್ಕೂ ಈ ಯಂತ್ರಗಳು ಕೆಲವೊಮ್ಮೆ ನಿಜವಾದ ಆಳವನ್ನೇ ದಯಪಾಲಿಸಿಬಿಡುತ್ತವೆ.

ಇದನ್ನು ನಮ್ಮ ಇತಿಹಾಸದ ಒಂದು ಆಧಾರಕ್ಕೆ ಅನ್ವಯಿಸಿ ನೋಡೋಣ. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೈನ್ಯಾಧಿಕಾರಿಯು ೧೮೫೬ರಲ್ಲಿ ಹಂಪೆಯ ಅವಶೇಷಗಳ ಚಿತ್ರಗಳನ್ನು ದೊಡ್ಡ ಗಾತ್ರದ ಮೇಣಗಾಗದದ ಮೇಲೆ ತೆಗೆದನು. ವಿಜಯನಗರದ ಕಟ್ಟಡಗಳು ಆಗ ಇದ್ದ ಸ್ಥಿತಿಗೆ ಅವು ಅಮೂಲ್ಯವಾದ ಸಾಕ್ಷಿ. ಸುಮಾರು ನೂರ ಇಪ್ಪತ್ತೈದು ವರ್ಷಗಳ ತರುವಾಯ, ೧೯೮೦ರ ದಶಕದಲ್ಲಿ, ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಅವನು ನಿಂತ ಜಾಗಗಳನ್ನೇ ಹುಡುಕಿ, ಅಲ್ಲಿಂದಲೇ ಮತ್ತೆ ಚಿತ್ರಗಳನ್ನು ತೆಗೆದರು. ಈ ಜೋಡಿಯನ್ನು ಸ್ಟೀರಿಯೋಸ್ಕೋಪಿನಲ್ಲಿಟ್ಟರೆ ಆಳವು ಕಾಣದು. ಸ್ಥಳ ಒಂದು, ಕಾಲ ಎರಡು. ಘನಚಿತ್ರಕ್ಕೆ ಬೇಕಾದುದು ಕಾಲ ಒಂದು, ಸ್ಥಳ ಎರಡು. ಗೋಲಿಂಗ್ಸ್‌ರ ಜೋಡಿಯಲ್ಲಿ ಕಾಣುವುದು ಆಳವಲ್ಲ, ಏನು ಬಿದ್ದಿತು, ಏನು ಉಳಿಯಿತು ಎಂಬುದು. ಇನ್ನು ಗ್ರೀನ್‌ಲಾನ ಚಿತ್ರವೊಂದನ್ನು ಫೋನಿಗೆ ಕೊಟ್ಟು ಮೂರು ಆಯಾಮವನ್ನಾಗಿ ಮಾಡಿಸಿದೆವೆನ್ನಿ. ಮಂಟಪದ ಕಂಬವು ಮುಂದಕ್ಕೆ ಬರುತ್ತದೆ, ಅದರ ಹಿಂದೆ ಗಾರೆಯ ಗೋಡೆಯೋ ಪೊದೆಯೋ ಹೊಸದಾಗಿ ಕಾಣಿಸಿಕೊಳ್ಳುತ್ತದೆ. ಆ ಗೋಡೆಯು ೧೮೫೬ರದಲ್ಲ. ಯಂತ್ರವು ಈಗ ಬರೆದುದು. ನೋಟಕ್ಕೆ ಎರಡಕ್ಕೂ ಭೇದವಿಲ್ಲ. ಅಂತಹ ಪ್ರತಿಯೊಂದು ಸಂದರ್ಭ ತಿಳಿಸದೆ ಕೈಯಿಂದ ಕೈಗೆ ಸಾಗಿ, ಹತ್ತು ವರ್ಷಗಳ ಮೇಲೆ ಯಾವನೋ ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಪ್ರಮಾಣವಾಗಿ ಕುಳಿತುಕೊಂಡರೆ, ಕೂಟಶಾಸನಗಳ ಪಟ್ಟಿಗೆ ಹೊಸದೊಂದು ಜಾತಿ ಸೇರಿದಂತಾಯಿತು. ಹಳೆಯ ಕಾಲದ ಕೂಟಶಾಸನವನ್ನು ಮಾಡಿದವನಿಗೆ ಭೂಮಿಯ ಆಸೆಯಾದರೂ ಇದ್ದಿತು. ಇಲ್ಲಿ ಯಾರಿಗೂ ಮೋಸದ ಉದ್ದೇಶವೇ ಇಲ್ಲ. ಅದರಿಂದಲೇ ಇದನ್ನು ಹಿಡಿಯುವುದು ಹೆಚ್ಚು ಕಷ್ಟ.

ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದು ಇನ್ನೂ ಹತ್ತಿರದ ವಿಷಯ. ಬಿದ್ದುಹೋದ ತೊಟ್ಟಿಮನೆಯ, ಮಾರಿಹೋದ ಜಮೀನಿನ, ತೀರಿಕೊಂಡ ಹಿರಿಯರ ಒಂದೊಂದೇ ಪಟ ಉಳಿದಿರುತ್ತದೆ. ಅದಕ್ಕೆ ಆಳ ಕೊಟ್ಟು ನೋಡಿ ಸಂತೋಷಪಡುವುದರಲ್ಲಿ ತಪ್ಪೇನೂ ಇಲ್ಲ. ಮೂಲಪಟವನ್ನು ಹಾಗೆಯೇ ಉಳಿಸಿ, ಮಾರ್ಪಟ್ಟ ಪ್ರತಿಯ ಮೇಲೆ ಇದು ಯಂತ್ರದಿಂದ ಮಾರ್ಪಟ್ಟುದು ಎಂದು ಬರೆದಿಟ್ಟರೆ ಸಾಕು. ಸ್ಮರಣ ಸಂಚಿಕೆಗಳನ್ನು ಪ್ರಕಟಿಸುವ ನಮ್ಮ ಸಂಘಗಳು ಚಿತ್ರದ ಅಡಿಬರಹದಲ್ಲಿ ಈ ಒಂದು ಸಾಲನ್ನು ಸೇರಿಸುವ ಪದ್ಧತಿಯನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಅದೇ ಸ್ಮಾರ್ಟ್‌ಫೋನಿನಿಂದ ಊಹೆಯಲ್ಲದ, ಅಳತೆಗೆ ನಿಲ್ಲುವ ಆಳವನ್ನೂ ಪಡೆಯಬಹುದೆಂಬುದು ಅನೇಕರಿಗೆ ತಿಳಿದಿಲ್ಲ. ಅದಕ್ಕೆ ಒಂದು ಚಿತ್ರ ಸಾಲದು, ಹಲವು ಚಿತ್ರಗಳು ಬೇಕು. ವಾಷಿಂಗ್ಟನ್ ವಿಶ್ವವಿದ್ಯಾಲಯದ ನೋವಾ ಸ್ನೇವ್ಲಿ ಮತ್ತು ಸಂಗಡಿಗರು ೨೦೦೬ರಲ್ಲಿ, ಪ್ರವಾಸಿಗರು ತಮತಮಗೆ ತೋಚಿದಂತೆ ತೆಗೆದ ಚಿತ್ರಗಳಿಂದಲೇ ಕಟ್ಟಡಗಳ ಮೂರು ಆಯಾಮದ ರೂಪವನ್ನು ಕಟ್ಟಿ ತೋರಿಸಿದರು. ಅದರ ಮೂಲವೂ ಪಲ್ಲಟವೇ; ಎರಡು ಕಣ್ಣುಗಳ ಬದಲು ನೂರು ಕಣ್ಣುಗಳು. ಬೆಂಗಳೂರಿನ ಮಿಥಿಕ್ ಸೊಸೈಟಿಯು ೨೦೨೧ರಲ್ಲಿ ಕೈಗೊಂಡ ಶಾಸನಗಳ ಮೂರು ಆಯಾಮದ ಸಂರಕ್ಷಣಾ ಯೋಜನೆಯಲ್ಲಿ ಇದಕ್ಕಿಂತಲೂ ಸೂಕ್ಷ್ಮವಾದ ಸ್ಕ್ಯಾನರುಗಳನ್ನು ಬಳಸಿ, ಬೆಂಗಳೂರಿನ ಸುತ್ತಣ ಕಲ್ಲುಗಳ ಮೇಲ್ಮೈಯನ್ನು ಅಳೆದು ದಾಖಲಿಸಲಾಗಿದೆ. ಸವೆದ ಅಕ್ಷರಗಳನ್ನು ಓದಲು ಅದರಿಂದ ನೆರವಾಗಿದೆ. ಆದರೆ ಪ್ರತಿಯೊಂದು ಹಳ್ಳಿಯ ವೀರಗಲ್ಲಿಗೂ ಮಾಸ್ತಿಕಲ್ಲಿಗೂ ಸ್ಕ್ಯಾನರು ಬರುವವರೆಗೆ ಕಲ್ಲು ಕಾಯುವುದೆಂಬ ಭರವಸೆಯಿಲ್ಲ. ರಸ್ತೆ ಅಗಲವಾಗುತ್ತದೆ, ಕೆರೆಯ ಏರಿ ಕುಸಿಯುತ್ತದೆ, ಕಲ್ಲು ಯಾರದೋ ಮನೆಯ ಮೆಟ್ಟಿಲಾಗುತ್ತದೆ.

ಆದ ಕಾರಣ, ರಜೆಯಲ್ಲಿ ಊರಿಗೆ ಹೋಗುವ ವಾಚಕರಲ್ಲಿ ಒಂದು ವಿಜ್ಞಾಪನೆ. ಅಂತಹ ಕಲ್ಲನ್ನು ಕಂಡಾಗ ಒಂದು ಚಿತ್ರಕ್ಕೆ ತೃಪ್ತರಾಗದೆ, ಅದರ ಸುತ್ತ ನಡೆಯುತ್ತ ಮೂವತ್ತು ನಲವತ್ತು ಚಿತ್ರಗಳನ್ನು ತೆಗೆಯಿರಿ. ಒಂದು ಚಿತ್ರದಲ್ಲಿ ಕಂಡುದರ ಮೂರರಲ್ಲಿ ಎರಡು ಪಾಲು ಮುಂದಿನದರಲ್ಲಿಯೂ ಕಾಣುವಂತಿರಲಿ. ಮೋಡದ ಬೆಳಕು ಒಳ್ಳೆಯದು. ಫ್ಲ್ಯಾಷ್ ಬೇಡ, ನಡುವೆ ಜೂಮ್ ಬದಲಿಸುವುದು ಬೇಡ. ಅಕ್ಷರ ಎದ್ದು ಕಾಣಲೆಂದು ಕಲ್ಲಿಗೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ಬಳಿಯಬೇಡಿ. ಕಲ್ಲಿನ ಪಕ್ಕದಲ್ಲಿ ಒಂದು ಅಳತೆಪಟ್ಟಿಯನ್ನಿಡಿ. ಅದಿಲ್ಲದಿದ್ದರೆ ಆಕಾರವು ಸಿಕ್ಕರೂ ಗಾತ್ರವು ಸಿಕ್ಕುವುದಿಲ್ಲ. ಊರು, ತಾಲ್ಲೂಕು, ಕಲ್ಲು ನಿಂತಿರುವ ಜಾಗ, ದಿನಾಂಕ ಇವಿಷ್ಟನ್ನು ಬರೆದು, ಚಿತ್ರಗಳನ್ನು ಕುಗ್ಗಿಸದೆ ಮೂಲದ ಅಳತೆಯಲ್ಲಿಯೇ ಒಂದು ಪ್ರತಿಯನ್ನು ನಿಮ್ಮಲ್ಲಿಟ್ಟುಕೊಂಡು, ಇನ್ನೊಂದನ್ನು ಸಂಘದ ಗ್ರಂಥಾಲಯಕ್ಕೆ ಕೊಡಿ.